ಟೆನೆಂಟ್ ಪದದ ಕೊನೆಗೊಂದು ‘ಸ್’: ಇಂಗ್ಲೆಂಡಿನಲ್ಲಿ ಮಕ್ಕಳ ಬಾಡಿಗೆ ಮನೆಗೆ ಜಾಮೀನು ನಿಲ್ಲೋದಾ, ಬೇರೆ ದಾರಿ ಹಿಡಿಯೋದಾ?

ಎರಡು ವರ್ಷದ ಹಿಂದೆ, ರಾತ್ರಿ ಹತ್ತೂ ನಲವತ್ತಕ್ಕೆ ಮಗಳ ವಾಟ್ಸಾಪ್ ಬಂತು. “ಅಮ್ಮಾ, ಈಮೇಲ್ ನೋಡು, ಸೈನ್ ಮಾಡು. ಬೆಳಿಗ್ಗೆ ಒಳಗೆ ಆಗದಿದ್ರೆ ಮನೆ ಬೇರೆಯವರಿಗೆ ಹೋಗುತ್ತಂತೆ.” ಅವಳು ನಾಲ್ವರು ಗೆಳತಿಯರ ಜೊತೆ ಸೇರಿ ಎರಡನೇ ವರ್ಷಕ್ಕೆ ಒಂದು ಮನೆ ನೋಡಿದ್ದಳು. ಏಜೆಂಟ್ ಕಳಿಸಿದ್ದು ಒಂಬತ್ತು ಪುಟದ ಪಿಡಿಎಫ್. ಆರನೇ ಪುಟದಲ್ಲಿ ಒಂದು ಸಾಲು: ‘ಟೆನೆಂಟ್ಸ್’, ಅಂದರೆ ಬಾಡಿಗೆದಾರರು, ಕೊಡಬೇಕಾದ ಎಲ್ಲ ಹಣಕ್ಕೂ ಗ್ಯಾರಂಟರ್ ಹೊಣೆ. ಟೆನೆಂಟ್ ಅಲ್ಲ, ಟೆನೆಂಟ್ಸ್. ಅಂದರೆ ನಾನು ಮುಖ ಕೂಡ ನೋಡಿರದ ನಾಲ್ಕು ಹುಡುಗಿಯರ ಬಾಡಿಗೆಗೂ ನಾನೇ ಜಾಮೀನು.

ನಮ್ಮಪ್ಪ ಒಮ್ಮೆ ಪಕ್ಕದ ಮನೆಯವರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ, ಆ ಸಾಲವನ್ನು ತಾವೇ ತೀರಿಸಿದ್ದರು. ಆ ವರ್ಷಗಳು ನೆನಪಾದವು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಮನೆ ಎಲ್ಲೂ ಹೋಗಲಿಲ್ಲ.

ಆಮೇಲೆ ಇಲ್ಲಿನ ಕನ್ನಡದ ಮನೆಗಳಿಂದ ಇದೇ ಪ್ರಶ್ನೆ ಬರತೊಡಗಿತು. ಊರಿನಿಂದಲೂ ಬರುತ್ತದೆ: “ನಮ್ಮ ಹುಡುಗ ಅಲ್ಲಿಗೆ ಬರ್ತಿದ್ದಾನೆ, ಯುಕೆ ಗ್ಯಾರಂಟರ್ ಬೇಕಂತೆ, ನೀನೇ ಆಗಿಬಿಡ್ತೀಯಾ?” ಉತ್ತರ ಎಲ್ಲರಿಗೂ ಒಂದೇ ಅಲ್ಲ. ಇರುವ ದಾರಿಗಳನ್ನು ಒಂದೊಂದಾಗಿ ತೂಗಿ ನೋಡೋಣ. ಇಲ್ಲಿ ಬರೆದಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಅವುಗಳದ್ದೇ ಬಾಡಿಗೆ ಕಾನೂನು ಇದೆ.

ಮೊದಲು ಅಳತೆಗೋಲು

ದಾರಿ ಯಾವುದೇ ಇರಲಿ, ನಾನು ಐದು ಪ್ರಶ್ನೆ ಕೇಳುತ್ತೇನೆ.

ತೀರಾ ಕೆಟ್ಟರೆ ನನ್ನ ಕೈಯಿಂದ ಎಷ್ಟು ಹೋಗುತ್ತದೆ? ‘ಏನೂ ಆಗಲ್ಲ ಬಿಡು’ ಅನ್ನುವುದು ಉತ್ತರವಲ್ಲ, ಪೌಂಡಿನಲ್ಲಿ ಒಂದು ಸಂಖ್ಯೆ ಬೇಕು. ಎರಡನೆಯದು, ಯಾರ ತಪ್ಪಿಗೆ ನಾನು ಹೊಣೆ? ನನ್ನ ಮಗುವಿನ ತಪ್ಪಿಗೋ, ಜೊತೆಯಲ್ಲಿ ಇರುವವರ ತಪ್ಪಿಗೂನೋ? ಮೂರನೆಯದು, ಈ ಹೊಣೆ ಮುಗಿಯುವುದು ಯಾವ ತಾರೀಕಿಗೆ? ನಾಲ್ಕನೆಯದು, ಇವತ್ತು ಕೈಯಿಂದ ಎಷ್ಟು ಬಿಚ್ಚಬೇಕು, ಅದರಲ್ಲಿ ವಾಪಸ್ ಬರುವುದು ಎಷ್ಟು? ಕೊನೆಯದು ನಾವು ಮರೆಯುವಂಥದ್ದು. ಮಗು ಬಯಸಿದ ಜಾಗದಲ್ಲಿ, ಬಯಸಿದವರ ಜೊತೆ ಇರಲು ಆಗುತ್ತದಾ? ಬೇಡ ಅನ್ನಿಸಿದರೆ ಹೊರಡಲು ಆಗುತ್ತದಾ?

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಐದು ಜನ, ತಲೆಗೆ ತಿಂಗಳಿಗೆ 550 ಪೌಂಡ್. ಇಡೀ ಮನೆಗೆ ತಿಂಗಳಿಗೆ 2,750, ವರ್ಷಕ್ಕೆ 33,000. ನಿಮ್ಮ ಮಗುವಿನ ಪಾಲು ವರ್ಷಕ್ಕೆ 6,600. ಈ 6,600ಕ್ಕೂ 33,000ಕ್ಕೂ ಇರುವ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಿ.

ಒಪ್ಪಂದ ಒಂದೋ, ಐದೋ?

ಗ್ಯಾರಂಟರ್ ವಿಚಾರಕ್ಕೆ ಮುಂಚೆ ಮಗುವನ್ನು ಇದೊಂದು ಕೇಳಿ. ಐದೂ ಜನ ಒಂದೇ ಕಾಗದಕ್ಕೆ ಸಹಿ ಹಾಕುತ್ತಿದ್ದೀರಾ, ಒಬ್ಬೊಬ್ಬರಿಗೆ ಬೇರೆ ಬೇರೆ ಕಾಗದವಾ?

ಒಂದೇ ಕಾಗದ ಅಂದರೆ ಜಾಯಿಂಟ್ ಟೆನೆನ್ಸಿ. ಅದರಲ್ಲಿ ಸಾಮಾನ್ಯವಾಗಿ ‘ಜಾಯಿಂಟ್ಲಿ ಅಂಡ್ ಸೆವೆರಲಿ’, ಅಂದರೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಹೊಣೆ, ಅನ್ನುವ ಮಾತು ಇರುತ್ತದೆ. ಒಬ್ಬಳು ಬಾಡಿಗೆ ಕೊಡದಿದ್ದರೆ ಓನರ್ ಉಳಿದ ನಾಲ್ವರಲ್ಲಿ ಯಾರನ್ನು ಬೇಕಾದರೂ, ಎಷ್ಟಕ್ಕೆ ಬೇಕಾದರೂ ಹಿಡಿಯಬಹುದು. ‘ನನ್ನ ಪಾಲು ನಾನು ಕಟ್ಟಿದ್ದೀನಲ್ಲ’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಓನರ್ ದೃಷ್ಟಿಯಲ್ಲಿ ಐದು ಪಾಲು ಅಂತಲೇ ಇಲ್ಲ, ಇರುವುದು ಒಂದೇ ಬಾಡಿಗೆ.

ಬೇರೆ ಬೇರೆ ಕಾಗದವಾದರೆ ಮಗು ತನ್ನ ರೂಮಿಗೆ ಮಾತ್ರ ಬಾಡಿಗೆದಾರ. ಅಡುಗೆಮನೆ, ಬಚ್ಚಲುಮನೆ ಎಲ್ಲರದ್ದು. ಪಕ್ಕದ ರೂಮಿನವನು ಬಾಡಿಗೆ ಕಟ್ಟದಿದ್ದರೆ ಅದು ಓನರ್ ತಲೆನೋವು. ಇಂಥ ಮನೆಗೆ ನೀವು ಗ್ಯಾರಂಟರ್ ಆದರೂ ಹೊಣೆ ಆ ಒಂದು ರೂಮಿಗಷ್ಟೇ. ಆದರೆ ಖಾಲಿಯಾದ ರೂಮಿಗೆ ಯಾರನ್ನು ತರಬೇಕು ಅನ್ನುವುದು ಓನರ್ ಇಷ್ಟ. ನಾಲ್ವರು ಗೆಳತಿಯರ ಮಧ್ಯೆ ಐದನೆಯವರಾಗಿ ಯಾರೋ ಬಂದು ಕೂರಬಹುದು. ಅಪ್ಪ ಅಮ್ಮನ ಜೇಬಿಗೆ ಇದು ಸುರಕ್ಷಿತ. ಮಕ್ಕಳಿಗೆ ಮಾತ್ರ ಅಷ್ಟೇನೂ ಇಷ್ಟವಾಗದು.

2026ರ ಮೇ 1ರಿಂದ ಏನು ಬದಲಾಯಿತು

ಹಳೆಯ ಸಲಹೆಗಳಲ್ಲಿ ಅರ್ಧ ಈಗ ಕೆಲಸಕ್ಕೆ ಬರುವುದಿಲ್ಲ. ರೆಂಟರ್ಸ್ ರೈಟ್ಸ್ ಆಕ್ಟ್ ಅನ್ನುವ 2025ರ ಕಾನೂನು ಇಂಗ್ಲೆಂಡಿನ ಖಾಸಗಿ ಬಾಡಿಗೆ ಮನೆಗಳಿಗೆ ಮೇ 1ರಿಂದ ಜಾರಿಗೆ ಬಂದಿದೆ. ನಮಗೆ ಮುಖ್ಯವಾದ ನಾಲ್ಕು ವಿಷಯ ಹೇಳುತ್ತೇನೆ.

ವರ್ಷದ ಕರಾರು ಅನ್ನುವುದೇ ಹೋಯಿತು. ಒಪ್ಪಂದ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ. ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಇದು ಒಳ್ಳೆಯದೇ. ಆದರೆ ಜಾಯಿಂಟ್ ಟೆನೆನ್ಸಿಯಲ್ಲಿ ಒಬ್ಬರು ನೋಟಿಸ್ ಕೊಟ್ಟರೂ ಐವರ ಒಪ್ಪಂದವೂ ಮುಗಿಯುತ್ತದೆ. ಉಳಿದವರು ಓನರ್ ಜೊತೆ ಮತ್ತೆ ಕೂತು ಹೊಸ ಕಾಗದ ಮಾಡಿಕೊಳ್ಳಬೇಕು. ಜನವರಿಯಲ್ಲಿ ಒಬ್ಬಳು ಕೋರ್ಸ್ ಬಿಟ್ಟು ಹೊರಟರೆ ಮಾರ್ಚ್‌ನಲ್ಲಿ, ಪರೀಕ್ಷೆಗೆ ಸ್ವಲ್ಪ ಮುಂಚೆ, ಉಳಿದ ನಾಲ್ವರಿಗೂ ಮನೆಯ ಚಿಂತೆ.

ಮುಂಗಡ ಬಾಡಿಗೆ ಒಂದು ತಿಂಗಳಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಸಹಿ ಆಗುವ ಮುಂಚೆ ಬಾಡಿಗೆ ಅಂತ ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ. ನಾವಾಗಿಯೇ ಕೊಡುತ್ತೇವೆ ಅಂದರೂ ಅಷ್ಟೇ.

ಬಾಡಿಗೆ ಬಾಕಿಗಾಗಿ ಮನೆಯನ್ನು ಖಚಿತವಾಗಿ ಖಾಲಿ ಮಾಡಿಸುವ ದಾರಿ ಓನರ್‌ಗೆ ಸಿಗುವುದು ಮೂರು ತಿಂಗಳ ಬಾಕಿ ಆದ ಮೇಲೆ. ಮೊದಲು ಎರಡು ತಿಂಗಳಿತ್ತು. ಅದರ ಮೇಲೆ ನಾಲ್ಕು ವಾರದ ನೋಟಿಸ್, ಆಮೇಲೆ ಕೋರ್ಟು. ಮಕ್ಕಳ ಕಡೆಯಿಂದ ನೋಡಿದರೆ ಇದು ರಕ್ಷಣೆ. ಗ್ಯಾರಂಟರ್ ಕಡೆಯಿಂದ ನೋಡಿ: ನಮ್ಮ ಉದಾಹರಣೆಯ ಮನೆ ಪೂರ್ತಿ ಬಾಡಿಗೆ ನಿಲ್ಲಿಸಿದರೆ ಕೋರ್ಟಿನ ಬಾಗಿಲು ತಟ್ಟುವ ಮುಂಚೆಯೇ 8,250 ಪೌಂಡ್ ಬಾಕಿ ಬೆಳೆದಿರುತ್ತದೆ.

ನಾಲ್ಕನೆಯದು ವಿದ್ಯಾರ್ಥಿ ಮನೆಗಳಿಗೇ ಮಾಡಿದ ನಿಯಮ, ಗ್ರೌಂಡ್ 4ಎ. ಮೂರೋ ಹೆಚ್ಚೋ ವಿದ್ಯಾರ್ಥಿಗಳು ಹಂಚಿಕೊಂಡಿರುವ ಮನೆಯನ್ನು ಮುಂದಿನ ಬ್ಯಾಚಿಗೆ ಕೊಡಲು ಓನರ್ ನಾಲ್ಕು ತಿಂಗಳ ನೋಟಿಸ್ ಕೊಟ್ಟು, ಜೂನ್ 1ರಿಂದ ಸೆಪ್ಟೆಂಬರ್ 30ರ ಒಳಗೆ ಖಾಲಿ ಮಾಡಿಸಿಕೊಳ್ಳಬಹುದು. ಆದರೆ ಮನೆಗೆ ಬರುವ ದಿನಕ್ಕೆ ಆರು ತಿಂಗಳಿಗಿಂತ ಮುಂಚೆಯೇ ಸಹಿ ಹಾಕಿಸಿಕೊಂಡಿದ್ದರೆ ಈ ನಿಯಮ ಅವರಿಗೆ ಸಿಗುವುದಿಲ್ಲ. ಜುಲೈ 1ಕ್ಕೆ ಬರುವ ಮನೆಗೆ ನವೆಂಬರ್‌ನಲ್ಲೇ ಸಹಿ ಮಾಡಿ ಅನ್ನುವುದು ಓನರ್‌ಗೇ ನಷ್ಟ. ಆದ್ದರಿಂದ ನವೆಂಬರ್‌ನಲ್ಲಿ ‘ಮನೆ ಹೋಗುತ್ತೆ, ಮನೆ ಹೋಗುತ್ತೆ’ ಅಂತ ಮಕ್ಕಳು ಕುಣಿದರೆ ಸ್ವಲ್ಪ ಸಮಾಧಾನದಿಂದಿರಿ.

ಮೊದಲ ದಾರಿ: ನೀವೇ ಸಹಿ ಹಾಕುವುದು

ಯುಕೆಯಲ್ಲಿ ಇರುವ, ಕೆಲಸದಲ್ಲಿರುವ ಅಪ್ಪ ಅಮ್ಮನಿಗೆ ಇದು ಪುಕ್ಕಟೆ. ನಿಮ್ಮ ದಾಖಲೆ ಪರಿಶೀಲನೆಗೆ ಏಜೆಂಟ್ ಫೀಸ್ ಕೇಳುವ ಹಾಗಿಲ್ಲ. 2019ರ ಜೂನ್ 1ರಿಂದ ಟೆನೆಂಟ್ ಫೀಸ್ ಆಕ್ಟ್ ಅದನ್ನು ನಿಲ್ಲಿಸಿದೆ. ಬೇಕಾಗುವುದು ಸಂಬಳದ ಪುರಾವೆ. ಸಾಮಾನ್ಯವಾಗಿ ಗ್ಯಾರಂಟರ್‌ನ ವರ್ಷದ ಆದಾಯ ತಿಂಗಳ ಬಾಡಿಗೆಯ 36 ಪಟ್ಟು ಇರಬೇಕು ಅನ್ನುತ್ತಾರೆ. 550 ಪೌಂಡಿಗೆ ಅದು 19,800. ಇಡೀ ಮನೆಗೆ ಲೆಕ್ಕ ಹಾಕಿದರೆ 99,000.

ಈ ಲೆಕ್ಕದಿಂದ ಒಂದು ಒಳ್ಳೆಯ ಅಸ್ತ್ರ ಸಿಗುತ್ತದೆ. ಏಜೆಂಟ್ ನಿಮ್ಮ ಆದಾಯವನ್ನು 550ಕ್ಕೆ ಅಳೆದು, ಹೊಣೆಯನ್ನು ಮಾತ್ರ 2,750ಕ್ಕೆ ಹೊರಿಸುತ್ತಿದ್ದರೆ, ಅದನ್ನೇ ಎತ್ತಿ ಹೇಳಿ. “ನೀವೇ ನನ್ನನ್ನು ಒಂದು ಪಾಲಿಗೆ ಅಂತ ಪರೀಕ್ಷೆ ಮಾಡಿದ್ದೀರಿ, ಕಾಗದದಲ್ಲೂ ಅಷ್ಟೇ ಬರೆಯಿರಿ.” ನಾನು ಬರೆದ ಈಮೇಲ್‌ನಲ್ಲಿ ಇದ್ದದ್ದೂ ಇಷ್ಟೇ. ಮೊದಲ ಉತ್ತರ: ‘ಇದು ನಮ್ಮ ಸ್ಟ್ಯಾಂಡರ್ಡ್ ಫಾರ್ಮ್.’ ನಾನು ಮತ್ತೆ ಬರೆದೆ. ಮೂರನೇ ದಿನ ಹೊಸ ಪಿಡಿಎಫ್ ಬಂತು. ‘ಸ್’ ಹೋಗಿತ್ತು. ಸ್ಟ್ಯಾಂಡರ್ಡ್ ಅನ್ನುವುದು ಎಷ್ಟು ಬೇಗ ಬದಲಾಗುತ್ತದೆ ನೋಡಿ.

ಕಾಗದದಲ್ಲಿ ಬರಬೇಕಾದದ್ದು ಮೂರು. ಒಂದು, ಹೊಣೆ ಇಂಥ ವಿದ್ಯಾರ್ಥಿಯ ಪಾಲಿನ ಬಾಡಿಗೆಗೆ ಮತ್ತು ಆ ವಿದ್ಯಾರ್ಥಿ ಮಾಡಿದ ಹಾನಿಗೆ ಮಾತ್ರ. ಎರಡು, ಒಟ್ಟು ಇಷ್ಟು ಪೌಂಡ್ ಮೀರುವಂತಿಲ್ಲ ಅನ್ನುವ ಮಿತಿ. ಮೂರು, ಕೊನೆಯ ತಾರೀಕು. ಈ ಮೂರನೆಯದು ಮೊದಲು ಅಷ್ಟು ಮುಖ್ಯವಾಗಿರಲಿಲ್ಲ, ವರ್ಷದ ಕರಾರು ಮುಗಿದರೆ ಸಾಮಾನ್ಯವಾಗಿ ಜಾಮೀನೂ ಮುಗಿಯುತ್ತಿತ್ತು. ಈಗ ಒಪ್ಪಂದಕ್ಕೇ ಕೊನೆ ಇಲ್ಲದಿರುವಾಗ, ತಾರೀಕು ಬರೆಯದ ಜಾಮೀನು ಮಗು ಆ ಮನೆಯಲ್ಲಿ ಇರುವಷ್ಟು ದಿನ ಎಳೆಯಬಹುದು. ಬಾಡಿಗೆ ಏರಿದರೆ ಏರಿದ ಬಾಡಿಗೆಗೂ ನೀವೇ ಹೊಣೆಯಾ ಅನ್ನುವುದನ್ನೂ ಅಲ್ಲೇ ಓದಿ.

ಒಂದು ಎಚ್ಚರ. ಹೀಗೆ ಮಿತಿ ಹಾಕಿಸಿದರೆ ಉಳಿಯುವುದು ನೀವು, ಮಗು ಅಲ್ಲ. ಜಾಯಿಂಟ್ ಟೆನೆನ್ಸಿಯಲ್ಲಿ ಮಗು ಇಡೀ ಬಾಡಿಗೆಗೆ ಹೊಣೆಯಾಗಿಯೇ ಇರುತ್ತದೆ. ಆದರೆ ಇಪ್ಪತ್ತು ವರ್ಷದ ಹುಡುಗಿಯ ಹೆಸರಲ್ಲಿ ಏನಿರುತ್ತದೆ? ಓನರ್ ಕಣ್ಣು ಇರುವುದು ಮನೆ, ಸಂಬಳ ಇರುವ ಅಪ್ಪ ಅಮ್ಮನ ಮೇಲೆ. ಐದು ಜನರ ಗ್ಯಾರಂಟರ್‌ಗಳೂ ಮಿತಿ ಇಲ್ಲದೆ ಸಹಿ ಹಾಕಿದ್ದರೆ, ಐವರಲ್ಲಿ ಯಾರಿಂದ ಸುಲಭವಾಗಿ ವಸೂಲಾಗುತ್ತದೋ ಅವರ ಮನೆಗೇ ಪತ್ರ ಬರುವುದು.

ಮಿತಿಗೆ ಏಜೆಂಟ್ ಒಪ್ಪದೇ ಇದ್ದರೆ? ಉಳಿದ ನಾಲ್ಕು ಮನೆಯವರ ಪರಿಚಯ ಚೆನ್ನಾಗಿದ್ದರೆ, ಎಲ್ಲರೂ ಮಾತಾಡಿಕೊಂಡು, ‘ಯಾರ ಮಗುವಿನ ಬಾಕಿಯೋ ಅವರೇ ಕೊಡುವುದು’ ಅಂತ ನಿಮ್ಮನಿಮ್ಮಲ್ಲೇ ಒಂದು ಪತ್ರ ಮಾಡಿಕೊಳ್ಳಬಹುದು. ಓನರ್‌ನನ್ನು ಅದು ಕಟ್ಟಿಹಾಕುವುದಿಲ್ಲ. ನೀವು ಕೊಟ್ಟ ಮೇಲೆ ಉಳಿದವರ ಹತ್ತಿರ ಕೇಳಲು ಒಂದು ಆಧಾರ ಇರುತ್ತದೆ, ಅಷ್ಟೇ. ಪರಿಚಯವೇ ಇಲ್ಲದಿದ್ದರೆ ನಾನಂತೂ ಸಹಿ ಹಾಕುವುದಿಲ್ಲ.

ಗ್ಯಾರಂಟಿ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಬರವಣಿಗೆಯಲ್ಲೇ ಇರಬೇಕು. 1677ರಷ್ಟು ಹಳೆಯ ಕಾನೂನು ಅದು, ಇನ್ನೂ ಜೀವಂತ. ಹೆಚ್ಚಿನವರು ಡೀಡ್ ರೂಪದಲ್ಲಿ ಮಾಡಿಸುತ್ತಾರೆ. ಡೀಡ್‌ಗೆ ಸಾಕ್ಷಿ ಬೇಕು, ಸಾಕ್ಷಿ ನೀವು ಸಹಿ ಹಾಕುವಾಗ ಎದುರಿಗೇ ಇರಬೇಕು. ನನಗೆ ಸಿಕ್ಕಿದ್ದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದರು, ಪೆನ್ ತೆಗೆದರು, ಸಹಿ ಹಾಕುವ ಮುಂಚೆ ಒಂಬತ್ತೂ ಪುಟ ಓದಿದರು. ನಾನು ಚಹಾ ಎರಡು ಸಲ ಬಿಸಿ ಮಾಡಬೇಕಾಯಿತು.

ಎರಡನೇ ದಾರಿ: ಚಿಕ್ಕಪ್ಪನೋ ಅತ್ತೆಯೋ

ಊರಿನಲ್ಲಿರುವ ಅಪ್ಪ ಅಮ್ಮನ ಸಂಬಳ ಎಷ್ಟೇ ಇರಲಿ, ಬಹಳಷ್ಟು ಏಜೆಂಟರು ಒಪ್ಪುವುದಿಲ್ಲ. ಯುಕೆಯಲ್ಲಿ ಇರುವವರೇ ಬೇಕು ಅನ್ನುತ್ತಾರೆ, ಕೋರ್ಟಿಗೆ ಎಳೆಯಲು ಸುಲಭ ಅಂತ. ಆಗ ಸ್ಲೌನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಇರುವ ಸಂಬಂಧಿಕರಿಗೆ ಫೋನ್ ಹೋಗುತ್ತದೆ. “ಸುಮ್ನೆ ಒಂದು ಸೈನ್ ಅಲ್ವಾ?”

ಸುಮ್ನೆ ಅಲ್ಲ. ಬಾಕಿ ಬಿದ್ದು, ಆ ಸಂಬಂಧಿಕರೂ ಕಟ್ಟದೆ, ಕೋರ್ಟಿನಲ್ಲಿ ಅವರ ವಿರುದ್ಧ ತೀರ್ಪು ಬಂದರೆ ಅದಕ್ಕೆ ಸಿಸಿಜೆ ಅನ್ನುತ್ತಾರೆ. ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ಅಳಿಸಬಹುದು, ಇಲ್ಲದಿದ್ದರೆ ಆರು ವರ್ಷ ಅವರ ಕ್ರೆಡಿಟ್ ಫೈಲಿನಲ್ಲಿ ಕೂತಿರುತ್ತದೆ. ಮನೆ ಸಾಲಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅದು ಎದ್ದು ಬರುತ್ತದೆ. ಇಷ್ಟನ್ನು ತಲೆ ಮೇಲೆ ಹೊರಿಸುತ್ತಿದ್ದೇವೆ ಅಂತ ಗೊತ್ತಿದ್ದು ಕೇಳಿದರೆ ತಪ್ಪಿಲ್ಲ. ಗೊತ್ತಿಲ್ಲದೆ ಕೇಳುವವರೇ ಜಾಸ್ತಿ.

ಕೇಳಲೇಬೇಕಾದರೆ ಹೀಗೆ ಕೇಳಿ. ಮೇಲೆ ಹೇಳಿದ ಮೂರೂ ಮಿತಿ ಕಾಗದದಲ್ಲಿ ಬರಲಿ. ಮೂರು ತಿಂಗಳ ಬಾಡಿಗೆಯಷ್ಟು ಹಣವನ್ನು ಮಗುವಿನ ಬ್ಯಾಂಕ್ ಖಾತೆಯಲ್ಲಿ ಮುಟ್ಟದೆ ಇಡಿಸಿ, ಅದನ್ನು ಸಂಬಂಧಿಕರಿಗೆ ತೋರಿಸಿ. ಬಾಡಿಗೆ ಹೋದ ಸ್ಕ್ರೀನ್‌ಶಾಟ್ ಪ್ರತಿ ತಿಂಗಳು ಅವರಿಗೆ ಹೋಗಲಿ. ಅಷ್ಟು ಮಾಡಿದರೆ ಎದುರಿನವರೂ ‘ಆಗಲಿ’ ಅನ್ನಬಹುದು. ‘ಇಲ್ಲ’ ಅಂದರೂ ಬೇಜಾರು ಮಾಡಿಕೊಳ್ಳಬೇಡಿ. ಮದುವೆ ಮನೆಯಲ್ಲಿ ಮುಖ ತಿರುಗಿಸುವುದಕ್ಕಿಂತ ಫೋನಿನಲ್ಲಿ ಬಂದ ‘ಇಲ್ಲ’ ವಾಸಿ.

ಮೂರನೇ ದಾರಿ: ಗ್ಯಾರಂಟರ್ ಕಂಪನಿ, ಯೂನಿವರ್ಸಿಟಿ ಯೋಜನೆ

ಹೌಸಿಂಗ್ ಹ್ಯಾಂಡ್‌ನಂಥ ಕಂಪನಿಗಳು ಫೀಸ್ ತೆಗೆದುಕೊಂಡು ಗ್ಯಾರಂಟರ್ ಆಗಿ ನಿಲ್ಲುತ್ತವೆ. ಫೀಸ್ ಬಾಡಿಗೆಯ ಮೇಲೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬಹಳ ಜನ ಇದನ್ನು ಇನ್ಶೂರೆನ್ಸ್ ಅಂದುಕೊಳ್ಳುತ್ತಾರೆ. ಅಲ್ಲ. ಮಗು ಬಾಡಿಗೆ ಕಟ್ಟದಿದ್ದರೆ ಕಂಪನಿ ಓನರ್‌ಗೆ ಕೊಟ್ಟು, ಆಮೇಲೆ ಆ ಹಣವನ್ನು ನಿಮ್ಮ ಮಗುವಿನಿಂದಲೇ ವಸೂಲಿ ಮಾಡುತ್ತದೆ. ಜೊತೆಗೆ ಕೋ-ಸೈನರ್ ಅಂತ ನಿಮ್ಮ ಸಹಿ ಹಾಕಿಸಿಕೊಂಡಿದ್ದರೆ ನಿಮ್ಮಿಂದಲೂ. ನೀವು ಫೀಸ್ ಕೊಟ್ಟು ಕೊಳ್ಳುವುದು ಯುಕೆ ವಿಳಾಸ ಇರುವ ಒಂದು ಹೆಸರನ್ನು, ಋಣಮುಕ್ತಿಯನ್ನಲ್ಲ.

ಹಾಗಂತ ದಂಡ ಅಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ, ಸಂಬಂಧಿಕರ ಹಂಗು ಬೇಡ ಅನ್ನುವವರಿಗೆ ಇದು ಮರ್ಯಾದೆಯ ದಾರಿ. ಕಂಪನಿಯನ್ನು ಎರಡು ಪ್ರಶ್ನೆ ಕೇಳಿ: ಗ್ಯಾರಂಟಿ ಮಗುವಿನ ಪಾಲಿಗಾ, ಇಡೀ ಮನೆಗಾ? ಮನೆ ಕೈತಪ್ಪಿದರೆ ಫೀಸ್ ಏನಾಗುತ್ತದೆ? ಓನರ್ ಯಾವ ಕಂಪನಿಯನ್ನು ಒಪ್ಪುತ್ತಾನೆ ಅಂತ ತಿಳಿದುಕೊಂಡ ಮೇಲೆಯೇ ಹಣ ಕಟ್ಟಿ. ‘ಇಂಥ ಕಂಪನಿಯಿಂದಲೇ ತರಬೇಕು, ಬೇರೆ ದಾರಿ ಇಲ್ಲ’ ಅಂತ ಏಜೆಂಟ್ ಹಠ ಹಿಡಿದರೆ ಟೆನೆಂಟ್ ಫೀಸ್ ಆಕ್ಟ್ ಹೆಸರು ಎತ್ತಿ. ಬಾಡಿಗೆದಾರರನ್ನು ಹಾಗೆ ಮೂರನೆಯವರ ಸೇವೆ ಕೊಳ್ಳಲು ಬಲವಂತ ಮಾಡುವುದನ್ನು ಅದು ತಡೆಯುತ್ತದೆ.

ಕೆಲವು ಯೂನಿವರ್ಸಿಟಿಗಳು ತಾವೇ ಗ್ಯಾರಂಟರ್ ಆಗುತ್ತವೆ. ಎಲ್ಲ ಕಡೆ ಇಲ್ಲ, ಇದ್ದ ಕಡೆ ಷರತ್ತುಗಳಿರುತ್ತವೆ. ಆದರೂ ಕಂಪನಿಗೆ ಫೀಸ್ ಕಟ್ಟುವ ಮುಂಚೆ ಯೂನಿವರ್ಸಿಟಿಯ ಅಕಾಮಡೇಷನ್ ಆಫೀಸಿಗೆ ಒಂದು ಈಮೇಲ್ ಹಾಕಿಸಿ. ಸ್ಟೂಡೆಂಟ್ಸ್ ಯೂನಿಯನ್ನಿನ ಸಲಹಾ ಕೇಂದ್ರದಲ್ಲಿ ಒಪ್ಪಂದದ ಕಾಗದವನ್ನು ಪುಕ್ಕಟೆ ಓದಿ ಹೇಳುವವರೂ ಇರುತ್ತಾರೆ. ಲೀಡ್ಸ್‌ನಲ್ಲಿ ಯುನಿಪೋಲ್ ಅನ್ನುವ ಸಂಸ್ಥೆ ವಿದ್ಯಾರ್ಥಿಗಳ ಮನೆ ವಿಷಯವನ್ನೇ ನೋಡುತ್ತದೆ.

ನಾಲ್ಕನೇ ದಾರಿ: ಒಟ್ಟಿಗೆ ಕಟ್ಟಿಬಿಡುವುದು

ಇದು ನಮ್ಮವರ ಮೆಚ್ಚಿನ ದಾರಿಯಾಗಿತ್ತು. ಗ್ಯಾರಂಟರ್ ಇಲ್ಲವಾ, ಆರು ತಿಂಗಳದ್ದು, ವರ್ಷದ್ದು ಒಟ್ಟಿಗೆ ಕೊಡು, ಮನೆ ನಿನ್ನದು. ಆ ಬಾಗಿಲು ಖಾಸಗಿ ಮನೆಗಳ ಮಟ್ಟಿಗೆ ಮುಚ್ಚಿದೆ. ಈಗಲೂ ಯಾರಾದರೂ ಸಹಿಗೆ ಮುಂಚೆ ಆರು ತಿಂಗಳ ಬಾಡಿಗೆ ಕಳಿಸಿ ಅಂದರೆ, ಒಂದೋ ಅವರಿಗೆ ಕಾನೂನು ಗೊತ್ತಿಲ್ಲ, ಇಲ್ಲವೇ ಅದು ಮೋಸ. ಊರಿನಿಂದ ಮನೆಯನ್ನೇ ನೋಡದೆ ಹಣ ಕಳಿಸುವವರು ಇದನ್ನು ಎರಡು ಸಲ ಓದಿ.

ಕಾನೂನುಬದ್ಧವಾಗಿ ಮೊದಲೇ ಕೇಳಬಹುದಾದದ್ದು ಕಡಿಮೆ. ಮನೆ ಹಿಡಿದಿಡಲು ಒಂದು ವಾರದ ಬಾಡಿಗೆಯಷ್ಟು ಹೋಲ್ಡಿಂಗ್ ಡೆಪಾಸಿಟ್. ಸಹಿ ಆದ ಮೇಲೆ ಒಂದು ತಿಂಗಳ ಬಾಡಿಗೆ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇರುವ ಮನೆಗೆ ಡೆಪಾಸಿಟ್ ಐದು ವಾರದ ಬಾಡಿಗೆ ಮೀರುವ ಹಾಗಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ಇಡೀ ಮನೆಗೆ ಸುಮಾರು 3,173, ತಲೆಗೆ 635. ಓನರ್ ಆ ಡೆಪಾಸಿಟ್ಟನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಮೂರು ಯೋಜನೆಗಳಲ್ಲಿ ಒಂದರಲ್ಲಿ ಭದ್ರ ಮಾಡಲೇಬೇಕು.

ಡೆಪಾಸಿಟ್ ವಿಷಯದಲ್ಲಿ ನಮಗೂ ಒಂದು ಪಾಠವಾಯಿತು. ಮಗಳ ಮನೆಯ ಇನ್ನೊಬ್ಬ ಹುಡುಗಿ ಇಸ್ತ್ರಿ ಪೆಟ್ಟಿಗೆಯನ್ನು ಕಾರ್ಪೆಟ್ ಮೇಲೆ ನಿಲ್ಲಿಸಿ ಫೋನ್ ಎತ್ತಲು ಹೋಗಿದ್ದಳು. ತ್ರಿಕೋನದ ಕಪ್ಪು ಗುರುತು. ಜಾಯಿಂಟ್ ಟೆನೆನ್ಸಿ ಆದ್ದರಿಂದ ಡೆಪಾಸಿಟ್ ಒಂದೇ ಗಂಟು, ಕಡಿತ ಐವರಿಗೂ ಬಿತ್ತು. ಮೊದಲ ದಿನ ಮಗಳು ತೆಗೆದಿದ್ದ ಫೋಟೋದಲ್ಲಿ ಆ ಕಾರ್ಪೆಟ್ ಆಗಲೇ ಸವೆದಿದ್ದು ಕಾಣುತ್ತಿತ್ತು. ಹಾಗಾಗಿ ಏಜೆಂಟ್ ಹೊಸ ಕಾರ್ಪೆಟ್ಟಿನ ಪೂರ್ತಿ ಬೆಲೆ ಹಾಕಲು ಆಗಲಿಲ್ಲ.

ಐದನೇ ದಾರಿ: ಹಾಸ್ಟೆಲ್, ಅಂದರೆ ಹಾಲ್ಸ್

ಯೂನಿವರ್ಸಿಟಿಯ ಹಾಲ್ಸ್, ಇಲ್ಲವೇ ಕಂಪನಿಗಳು ವಿದ್ಯಾರ್ಥಿಗಳಿಗೆಂದೇ ಕಟ್ಟಿಸಿರುವ ದೊಡ್ಡ ಕಟ್ಟಡಗಳು. ಒಪ್ಪಂದ ಒಂದು ರೂಮಿನದು. ಫ್ಲ್ಯಾಟಿನಲ್ಲಿ ಯಾರು ಕಟ್ಟಿದರು, ಯಾರು ಬಿಟ್ಟರು ಅನ್ನುವುದು ನಿಮಗೆ ಬೇಡ. ಕರೆಂಟು, ನೀರು, ವೈಫೈ ಸಾಮಾನ್ಯವಾಗಿ ಬಾಡಿಗೆಯಲ್ಲೇ ಬರುತ್ತದೆ.

ಮೇಲೆ ಹೇಳಿದ ಹೊಸ ನಿಯಮಗಳು ಯೂನಿವರ್ಸಿಟಿ ಹಾಲ್ಸ್‌ಗೆ ಅನ್ವಯಿಸುವುದಿಲ್ಲ. ಸರ್ಕಾರ ಒಪ್ಪಿದ ಕೋಡ್‌ಗೆ (ನಿಯಮಾವಳಿಗೆ) ಸೇರಿರುವ ಖಾಸಗಿ ವಿದ್ಯಾರ್ಥಿ ಕಟ್ಟಡಗಳಿಗೂ ವಿನಾಯಿತಿ ಇದೆ. ಇದರಿಂದ ಒಂದು ಲಾಭ, ಒಂದು ನಷ್ಟ. ಲಾಭ: ಗ್ಯಾರಂಟರ್ ಇಲ್ಲದವರಿಂದ ಮುಂಗಡ ತೆಗೆದುಕೊಳ್ಳಲು ಅವರಿಗೆ ಅಡ್ಡಿಯಿಲ್ಲ, ಹಾಗಾಗಿ ‘ಒಟ್ಟಿಗೆ ಕಟ್ಟುತ್ತೇವೆ’ ಅನ್ನುವ ದಾರಿ ಇಲ್ಲಿ ಇನ್ನೂ ಇದೆ. ನಷ್ಟ: ಅವಧಿ ಗಟ್ಟಿ. 44 ವಾರ ಅಂದರೆ 44 ವಾರ, 51 ಅಂದರೆ 51. ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡುತ್ತೇನೆ ಅನ್ನಲು ಆಗುವುದಿಲ್ಲ. ಬಾಡಿಗೆಯೂ ಹಂಚಿಕೊಂಡ ಮನೆಗಿಂತ ಸಾಮಾನ್ಯವಾಗಿ ಜಾಸ್ತಿ. ಲಂಡನ್ ಆದರೆ ಇನ್ನೂ ಜಾಸ್ತಿ.

ಊರಿನಿಂದ ದೊಡ್ಡ ಮೊತ್ತ ಒಟ್ಟಿಗೆ ಕಳಿಸುವವರು ಟಿಸಿಎಸ್ ನೆನಪಿಡಿ, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮೊದಲೇ ವಸೂಲಿ ಮಾಡುವ ತೆರಿಗೆ. 2025ರ ಏಪ್ರಿಲ್‌ನಿಂದ, ಒಂದು ಆರ್ಥಿಕ ವರ್ಷದಲ್ಲಿ ಕಳಿಸಿದ್ದು 10 ಲಕ್ಷ ರೂಪಾಯಿ ದಾಟಿದ ಮೇಲೆ ಅದು ಬೀಳುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಅದು ಬೀಳುವುದಿಲ್ಲ. ಬಿದ್ದದ್ದನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಆದರೆ ಕಳಿಸುವ ದಿನ ಕೈಯಲ್ಲಿ ಇರಬೇಕಲ್ಲ.

ಹಾಗಾದರೆ ಯಾರಿಗೆ ಯಾವುದು?

ನೀವು ಯುಕೆಯಲ್ಲೇ ಇದ್ದೀರಿ, ಸಂಬಳ ಸ್ಥಿರ, ಏಜೆಂಟ್ ಮಿತಿಗೆ ಒಪ್ಪಿದ್ದಾನೆ: ಸಹಿ ಹಾಕಿ. ಇದಕ್ಕಿಂತ ಅಗ್ಗದ್ದು ಇಲ್ಲ, ಮಗು ಗೆಳೆಯರ ಜೊತೆ ಇರುತ್ತದೆ. ಮಿತಿಗೆ ಒಪ್ಪಿಲ್ಲ, ಉಳಿದ ಮಕ್ಕಳ ಮನೆಯವರು ಗೊತ್ತಿಲ್ಲ: ಬೇರೆ ಮನೆ ನೋಡಿ ಅನ್ನಿ, ಇಲ್ಲವೇ ಕಂಪನಿಯ ಫೀಸ್ ಕೊಡಿ. ಕೆಲವು ನೂರು ಪೌಂಡ್ ಹೋದರೂ 33,000ದ ಕಾಗದಕ್ಕೆ ನಿಮ್ಮ ಹೆಸರು ಅಂಟಿರುವುದಿಲ್ಲ. ಕೋ-ಸೈನರ್ ಆಗಬೇಡಿ, ಅಷ್ಟು ನೋಡಿಕೊಳ್ಳಿ.

ಮಗು ಊರಿನಿಂದ ಈಗಷ್ಟೇ ಬರುತ್ತಿದೆ, ಇಲ್ಲಿ ಯಾರೂ ಇಲ್ಲ: ಮೊದಲ ವರ್ಷ ಹಾಲ್ಸ್. ಜಾಸ್ತಿ ಆಗುತ್ತದೆ ನಿಜ. ಆದರೆ ಅಕ್ಟೋಬರ್‌ನ ಚಳಿಯಲ್ಲಿ ಏಜೆಂಟರ ಹಿಂದೆ ಅಲೆಯುವುದು ತಪ್ಪುತ್ತದೆ. ಎರಡನೇ ವರ್ಷದ ಹೊತ್ತಿಗೆ ಯಾರ ಜೊತೆ ಮನೆ ಮಾಡಬಹುದು, ಯಾರ ಜೊತೆ ಬೇಡ ಅನ್ನುವುದೂ ಗೊತ್ತಾಗಿರುತ್ತದೆ. ಒಂದೇ ವರ್ಷದ ಮಾಸ್ಟರ್ಸ್ ಆದರೆ ಯೋಚನೆ ಮಾಡುವುದೇ ಬೇಡ.

ಬಜೆಟ್ ಬಿಗಿ, ಹಾಲ್ಸ್ ಕೈಗೆ ಎಟಕುವುದಿಲ್ಲ: ರೂಮಿಗೊಂದು ಒಪ್ಪಂದ ಇರುವ ಹಂಚಿಕೆಯ ಮನೆ ಹುಡುಕಿ, ಯೂನಿವರ್ಸಿಟಿ ಯೋಜನೆ ಇದೆಯಾ ಕೇಳಿ, ಇಲ್ಲದಿದ್ದರೆ ಕಂಪನಿ. ಸಂಬಂಧಿಕರು ಕೊನೆಗೆ. ಮಗುವಿಗೆ ಕೋರ್ಸ್ ಇಷ್ಟವಾಗುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಎರಡು ತಿಂಗಳ ನೋಟಿಸಿನ ಖಾಸಗಿ ಮನೆಯೇ ಹಾಲ್ಸ್‌ಗಿಂತ ಮೇಲು. ಇದು ಮೊದಲು ಇರಲಿಲ್ಲ, ಈಗ ಇದೆ.

ಈ ವರ್ಷ ನನ್ನ ಅಕ್ಕನ ಮಗ ಬಂದ. ಅಕ್ಕ ಕೇಳಿದಳು, ನಾನು ಮೇಲಿನದ್ದೆಲ್ಲ ಫೋನಿನಲ್ಲಿ ಒಂದು ಗಂಟೆ ಹೇಳಿದೆ. ಅವಳು ಸುಮ್ಮನೆ ಕೇಳಿ, “ಅಂದ್ರೆ ನೀನು ಮಾಡಲ್ಲ ಅಂತ ತಾನೇ?” ಅಂದಳು. ಒಂದು ರೂಮಿನ ಒಪ್ಪಂದ ತಂದರೆ ಮಾಡುತ್ತೇನೆ ಅಂದೆ. ಎರಡು ವಾರ ಮಾತಿಲ್ಲ. ಆಮೇಲೆ ಹುಡುಗನೇ ಒಂದು ಪಿಡಿಎಫ್ ಕಳಿಸಿದ. ಆರು ರೂಮಿನ ಮನೆ, ಅವನದು ಮೂರನೇ ರೂಮು, ಒಪ್ಪಂದ ಆ ರೂಮಿನದಷ್ಟೇ. ಟೆನೆಂಟ್ ಪದದ ಕೊನೆಗೆ ‘ಸ್’ ಇರಲಿಲ್ಲ, ಆದರೆ ಕೊನೆಯ ತಾರೀಕೂ ಇರಲಿಲ್ಲ. ವಾಪಸ್ ಕಳಿಸಿದ್ದೇನೆ. ತಾರೀಕು ಬಂದ ದಿನ ಪಕ್ಕದ ಮನೆಯ ಮೇಷ್ಟ್ರನ್ನು ಮತ್ತೆ ಚಹಾಕ್ಕೆ ಕರೆಯಬೇಕು.